ಏಣಿ ಬೇಡವಾದ ಅಂಗಡಿ

ಎರ್ಲೆನ್‌ಶ್ಲಾಗ್, ಜನವರಿ 15, 2008

ಎತ್ತಿನ ಹೋಟೆಲಿನ ಮಾಲೀಕರಾದ ಶ್ರೀ ಎಂಗಲ್ಬರ್ಟ್ ಪ್ರಿಂಟ್ಸ್ ಅವರಿಗೆ,

ಚೌಕದ ಈ ಬದಿಯಿಂದ ಆ ಬದಿಗೆ ಅಂಚೆಚೀಟಿ ಹಚ್ಚಿ ಕಾಗದ ಬರೆಯುವ ಹುಚ್ಚಿ ಇವಳೊಬ್ಬಳೇ ಎಂದು ನೀವು ನಗಬಹುದು. ನಗಿ. ಶನಿವಾರ ಸಂಜೆ ನಾನು ನಿಮ್ಮ ಹೋಟೆಲಿನೊಳಗೆ ಕಾಲಿಟ್ಟ ಕೂಡಲೇ ಖಾಯಂ ಗಿರಾಕಿಗಳ ಮೇಜಿನಲ್ಲಿ ಮಾತು ನಿಂತಿತು. ಬಡಗಿ ತನ್ನ ಸಿಗರೇಟ್ ಪ್ಯಾಕಿನ ಮೇಲೆ ಟೋಪಿ ಕವುಚಿದ. ಕೌಂಟರಿನ ಹಿಂದಿನಿಂದ ನೀವು, "ಏನ್ ಬೇಕಾಗಿತ್ತು ತಮಗೆ?" ಎಂದಿರಿ. ತಮಗೆ! ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ನನ್ನ ಲೆಕ್ಕ ನೋಡಿ ಬರೆದು ಪಾಸಾದವನ ಬಾಯಲ್ಲಿ ಬಹುವಚನ ಕೇಳಿ ನಾನು ಬಾಗಿಲಿನಿಂದಲೇ ತಿರುಗಿ ಬಂದೆ. ಹಾಗಾಗಿ ಈ ಕಾಗದವೂ ಬಹುವಚನದಲ್ಲೇ ಇರಲಿ.

ವಿಷಯ ಇಷ್ಟು. ಡಿಸೆಂಬರಿನಲ್ಲಿ ಗಡಿಯ ತಪಾಸಣೆ ನಿಂತು ಅಡ್ಡಗಂಬ ಎತ್ತಿದ ದಿನ ನಾವಿಬ್ಬರೂ ಬ್ಯಾಂಡಿನವರ ಪಕ್ಕ ನಿಂತು ಬಿಸಿ ವೈನ್ ಕುಡಿದೆವು. ಅವತ್ತಿನಿಂದ ಇವತ್ತಿನವರೆಗೆ ನಿಮ್ಮ ಹೋಟೆಲು ನನ್ನ ಅಂಗಡಿಯಿಂದ ಒಂದು ಪ್ಯಾಕ್ ಸಿಗರೇಟೂ ಕೊಂಡಿಲ್ಲ. ನಿಮ್ಮ ಬೂದಿತಟ್ಟೆಗಳು ಮಾತ್ರ ತುಂಬಿ ಚೆಲ್ಲುತ್ತಿವೆ. ಇಂದು ಬೆಳಿಗ್ಗೆ ಗುಡಿಸುವಾಗ ನನ್ನ ಮೆಟ್ಟಿಲ ಮೇಲೆ ಖಾಲಿ ಪ್ಯಾಕೊಂದು ಸಿಕ್ಕಿತು. ಅದರ ಮೇಲಿನ ತೆರಿಗೆ ಚೀಟಿ ಚೆಕ್ ದೇಶದ್ದು. ಗಡಿಯಾಚೆಯಿಂದ ತಂದು ತಾನೇ ಸೇದುವುದು ಅವರವರ ಇಷ್ಟ. ತಂದು ಮಾರುವುದು ಬೇರೆ. ಹೋಟೆಲಿನವರು ತಂಬಾಕಿನಂಗಡಿಯಲ್ಲೇ ಕೊಳ್ಳಬೇಕು, ಅಂಗಡಿಯ ಬೆಲೆಯ ಮೇಲೆ ಹತ್ತರಲ್ಲೊಂದು ಪಾಲು ಸೇರಿಸಿ ಮಾರಬೇಕು. ಈ ಕಾನೂನನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಸೆಪ್ಟೆಂಬರ್ ಕೊನೆಗೆ ನನ್ನ ನಿವೃತ್ತಿ. ಜೂನ್ ತಿಂಗಳಲ್ಲಿ ವಿಯೆನ್ನಾದ ತಂಬಾಕು ಕಚೇರಿಯಿಂದ ಅಧಿಕಾರಿಯೊಬ್ಬರು ಬರುತ್ತಾರೆ. ಅಂಗಡಿಯಲ್ಲಿ ವ್ಯಾಪಾರ ಉಳಿದಿದೆಯೇ, ನನ್ನ ನಂತರ ಗುದ್ರುನ್ ಅದನ್ನು ನಡೆಸಬಲ್ಲಳೇ, ಎರಡನ್ನೂ ನೋಡುತ್ತಾರೆ. ಇಲ್ಲವೆಂದರೆ ಅಂಗಡಿ ನನ್ನೊಂದಿಗೇ ಮುಚ್ಚುತ್ತದೆ. ಗುದ್ರುನ್ ಹುಲ್ಲಿನಟ್ಟದಿಂದ ಬಿದ್ದು ಗಾಲಿಕುರ್ಚಿ ಹಿಡಿದಾಗ ಆಸ್ಪತ್ರೆಗೆ ಮೊದಲು ಹೂವು ತಂದವರು ನೀವು. ಆ ಹುಡುಗಿ ನಾಲ್ಕು ವರ್ಷದಿಂದ ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದಾಳೆ. ಅವಳಿಗೆ ಈ ಊರಿನಲ್ಲಿ ಇನ್ನೊಂದು ಕೌಂಟರ್ ಇಲ್ಲ.

ಉತ್ತರ ಬರುತ್ತದೆ ಎಂದು ನಂಬಿರುವ,
ರೋಸ್ವಿಥಾ ಕೋಲರ್
ತಂಬಾಕಿನಂಗಡಿ, ಎರ್ಲೆನ್‌ಶ್ಲಾಗ್


ಎತ್ತಿನ ಹೋಟೆಲು, ಜನವರಿ 19

ರೋಸಿ,

ನಿನಗೆ ಬಹುವಚನ ಬರೆಯಲು ನನ್ನ ಕೈ ಏಳುವುದಿಲ್ಲ. ಶನಿವಾರ ಅದು ಗಾಬರಿಯಲ್ಲಿ ಬಾಯಿಗೆ ಬಂತು. ಬಡಗಿಯ ಟೋಪಿಯನ್ನು ನಾನೂ ನೋಡಿದ್ದೆನಲ್ಲ.

ಈ ಕಾಗದದ ಅಂಚೆಚೀಟಿಗೆ ಪಕ್ಕದೂರಿಗೆ ಹೋಗಿ ಬಂದೆ. ನಮ್ಮೂರಿನಲ್ಲಿ ಅದನ್ನು ಮಾರುವವಳೂ ನೀನೇ. ನಿನ್ನ ಹತ್ತಿರವೇ ಚೀಟಿ ಕೊಂಡು ನಿನ್ನನ್ನೇ ಬೈದು ಬರೆಯುವಷ್ಟು ಮಾನಗೆಟ್ಟಿಲ್ಲ ನಾನು.

ಹೌದು, ಅಡುಗೆಮನೆಯಲ್ಲಿ ಒಂದು ಪೆಟ್ಟಿಗೆ ಇದೆ. ಏನು ಮಾಡಲಿ? ಗಡಿ ಇಲ್ಲಿಂದ ಕೂಗಳತೆಯಲ್ಲಿದೆ. ಆಚೆ ಬದಿಯಲ್ಲಿ ಪ್ಯಾಕಿನ ಬೆಲೆ ಎಷ್ಟೋ ಕಡಿಮೆ. ನಾನು ನಿನ್ನ ಬೆಲೆಯ ಮೇಲೂ ಇನ್ನಷ್ಟು ಸೇರಿಸಿ ಕೇಳಿದರೆ, "ಏನಪ್ಪಾ ಬರ್ಟಲ್, ಸಿಗರೇಟಿಗೆ ಚಿನ್ನದ ರೇಕು ಸುತ್ತಿದ್ದೀಯಾ?" ಎಂದು ನನ್ನ ಮುಖಕ್ಕೇ ಹೊಗೆ ಬಿಡುತ್ತಾರೆ. ಸಿಗರೇಟಿಗೆಂದು ಆಚೆ ಹೋದವರು ಬಿಯರನ್ನೂ ಅಲ್ಲೇ ಕುಡಿದು ಬರುತ್ತಾರೆ. ನಿನ್ನ ಅಂಗಡಿಗೊಂದೇ ಅಲ್ಲ, ನನ್ನ ಬಾಗಿಲಿಗೂ ಬೀಗ ಬೀಳಬಹುದು.

ಒಂದು ದಾರಿ ಹೇಳುತ್ತೇನೆ. ಪ್ಯಾಕಿಗೆ ಮೂವತ್ತು ಸೆಂಟ್ ಬಿಟ್ಟುಕೊಡು. ಯಾರಿಗೂ ತಿಳಿಯುವುದು ಬೇಡ. ನಾಳೆಯಿಂದಲೇ ನಿನ್ನ ಹತ್ತಿರ ಕೊಳ್ಳುತ್ತೇನೆ. ನೀನು ಅಂಗಡಿ ವಹಿಸಿಕೊಂಡಾಗಿನಿಂದ, ಸರಕಾರ ಬೆಲೆ ಏರಿಸಿದಾಗಲೆಲ್ಲ ನಿನ್ನ ಏಣಿ ಹತ್ತಿ ಮೇಲಿನ ಕಪಾಟುಗಳ ಬೆಲೆಚೀಟಿ ಬದಲಾಯಿಸಿದವನು ನಾನು. ಪ್ರತಿಸಲ ಒಂದು ಪ್ಯಾಕ್ ಪುಕ್ಕಟೆ ಕೇಳಿದೆ, ಪ್ರತಿಸಲ ನೀನು ಕಾಫಿ ಕುಡಿಸಿ ಸಾಗಹಾಕಿದೆ. ಮೂವತ್ತು ಸೆಂಟ್ ಕೇಳುವ ಹಕ್ಕೂ ಇಲ್ಲವೇ ನನಗೆ?

ಈಸ್ಟರ್ ಕಳೆದ ಮೇಲೆ ಮತ್ತೆ ಬೆಲೆ ಏರುತ್ತದಂತೆ. ಆಗ ಏಣಿ ಹತ್ತುವುದು ನಿನ್ನ ಮರದ ಕಾಲೋ, ಗುದ್ರುನಳ ಗಾಲಿಯೋ? ಯೋಚನೆ ಮಾಡು.

ನಿನ್ನ ಬರ್ಟಲ್


ಎರ್ಲೆನ್‌ಶ್ಲಾಗ್, ಜನವರಿ 22

ಶ್ರೀ ಪ್ರಿಂಟ್ಸ್ ಅವರಿಗೆ,

ಮೂವತ್ತು ಸೆಂಟ್ ಇರಲಿ, ಒಂದು ಸೆಂಟನ್ನೂ ನಾನು ಬಿಡುವಂತಿಲ್ಲ. ಬೆಲೆ ನನ್ನದಲ್ಲ, ಸರಕಾರದ ಪಟ್ಟಿಯದು. ಇದು ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ ಒಂದು ಮಾತು ಇದೆ, ಅದನ್ನು ಇವತ್ತು ಬರೆಯುತ್ತೇನೆ.

ರಿಬ್ಬನ್ ಗಿರಣಿಯ ಯಂತ್ರ ನನ್ನ ಕಾಲು ನುಂಗಿದಾಗ ಊರಿಗೆ ಊರೇ ನನಗೆ ಕರುಣೆ ತೋರಿತು. ಬೇಕರಿಯವಳು ಹತ್ತು ಬನ್ ಕೇಳಿದರೆ ಹನ್ನೆರಡು ಹಾಕಿ, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಶೂ ಅಂಗಡಿಯವನು ಎದ್ದು ನಿಂತು, "ನಿಂಗೆ ಒಂದೇ ಸಾಕಲ್ಲಮ್ಮಾ, ಅರ್ಧ ದುಡ್ಡು ಕೊಡು" ಎಂದ. ನಾನು ಜೋಡಿಯ ಪೂರ್ತಿ ಹಣ ಇಟ್ಟು, ಎರಡೂ ಶೂ ಎತ್ತಿಕೊಂಡು ಬಂದೆ. ಮನೆಗೆ ಬಂದು ಆ ಎಡಗಾಲಿನ ಶೂವನ್ನು ಗೋಡೆಗೆ ಎಸೆದೆ.

ಆಮೇಲೆ ಈ ಅಂಗಡಿ ಬಂತು. ಅಂಗವಿಕಲರಿಗೆ ಮೊದಲ ಹಕ್ಕು ಎಂಬ ಕಾನೂನಿನಿಂದ ಬಂತು, ಯಾರ ಮರುಕದಿಂದಲೂ ಅಲ್ಲ. ಮೊದಲ ದಿನ ಮೇಯರ್ ಬಂದು ಒಂದು ಪ್ಯಾಕ್ ಕೊಂಡು, ಚಿಲ್ಲರೆಯನ್ನು ನನ್ನ ಕಡೆಗೆ ತಳ್ಳಿ, "ಇಟ್ಕೋ ಪಾಪ" ಎಂದರು. ನಾನು ಚಿಲ್ಲರೆಯನ್ನು ಹಿಂದಕ್ಕೆ ತಳ್ಳಿದೆ. "ಪಟ್ಟೀಲಿರೋದು ಇಷ್ಟೇ ಸ್ವಾಮಿ. ಕಮ್ಮಿನೂ ತಗೊಳಲ್ಲ, ಜಾಸ್ತಿನೂ ತಗೊಳಲ್ಲ." ಅವರು ಕಕ್ಕಾಬಿಕ್ಕಿಯಾಗಿ ನಾಣ್ಯಗಳನ್ನು ಜೇಬಿಗೆ ಹಾಕಿಕೊಂಡರು. ಎಂಗಲ್ಬರ್ಟ್, ಗಿರಣಿ ಬಿಟ್ಟ ಮೇಲೆ ನಾನು ಎದೆ ತುಂಬ ಉಸಿರೆಳೆದದ್ದು ಅವತ್ತೇ. ವಿಯೆನ್ನಾದ ಅರಮನೆಯ ಎದುರಿನ ಅಂಗಡಿಯಲ್ಲಿರುವ ಬೆಲೆಯೇ ಗಡಿಯ ಈ ಕೊನೆಯ ಅಂಗಡಿಯಲ್ಲೂ ಇದೆ. ಮಂತ್ರಿಗೂ ಅದೇ, ದನ ಕಾಯುವವನಿಗೂ ಅದೇ. ಆ ಬೆಲೆಯಲ್ಲಿ ಬಹುಪಾಲು ತೆರಿಗೆ. ಯಾರೂ ಕೆಲಸ ಕೊಡದ ಹೆಂಗಸಿನ ಕೈಯನ್ನು ನಂಬಿ ಸರಕಾರ ಅದನ್ನು ಒಟ್ಟುಮಾಡಲು ಬಿಟ್ಟಿದೆ.

ಬೆಲೆ ಏರಿದಾಗ ಕೆಲವರು ಸೇದುವುದನ್ನೇ ಬಿಡುತ್ತಾರೆ. ಬಿಡಲಿ, ನನಗೆ ಸಂತೋಷವೇ. ನಿಮ್ಮ ಅಡುಗೆಮನೆಯ ಪೆಟ್ಟಿಗೆಯಿಂದ ಯಾರೂ ಬಿಡುವುದಿಲ್ಲ.

ಏಣಿಯ ಮಾತನ್ನು ನೀವು ಬರೆಯಬಾರದಿತ್ತು.

ರೋಸ್ವಿಥಾ ಕೋಲರ್


ಎತ್ತಿನ ಹೋಟೆಲು, ಮಾರ್ಚ್ 3

ಶ್ರೀಮತಿ ಕೋಲರ್ ಅವರಿಗೆ,

ಈಗ ನಾನೂ ಬಹುವಚನ ಕಲಿತೆ.

ಗುರುವಾರ ಊಟದ ಹೊತ್ತಿಗೆ ಇಬ್ಬರು ಸುಂಕದವರು ಬಂದರು. ನೆಟ್ಟಗೆ ಅಡುಗೆಮನೆಗೆ ನುಗ್ಗಿ, ಪೆಟ್ಟಿಗೆ ಎತ್ತಿ ತಂದು, ಗಸಗಸೆ ಕಡುಬಿನ ತಟ್ಟೆಗಳ ನಡುವೆ ಎಲ್ಲರ ಕಣ್ಣೆದುರಿಗೆ ಇಟ್ಟರು. "ಊರಿನ ಅಂಗಡೀಲಿ ಕೊಳ್ಳೋದಿಲ್ವಾ?" ಎಂದು ಕೇಳಿದರು. "ವಾರಾವಾರ ಕೊಳ್ತೀನಲ್ಲ" ಎಂದೆ. ಒಬ್ಬ ಚೌಕ ದಾಟಿ ನಿಮ್ಮಲ್ಲಿಗೆ ಹೋದ. ನಾನು ಕಿಟಕಿಯಲ್ಲಿ ನಿಂತಿದ್ದೆ. ತಿರುಗಿ ಬರುವಾಗಿನ ಅವನ ನಡಿಗೆಯಲ್ಲೇ ನಿಮ್ಮ ಉತ್ತರ ಕಾಣುತ್ತಿತ್ತು.

ದಂಡ ಈ ಬೇಸಿಗೆಯ ಸಂಪಾದನೆಯನ್ನೆಲ್ಲ ನುಂಗುತ್ತದೆ. ಒಂದು ಮಾತು, "ಹೌದು, ಕೊಳ್ತಾರೆ" ಎಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಅವರನ್ನು ಕರೆಸಿದ್ದೂ ನೀವೇ ಎಂದು ಊರೆಲ್ಲ ಹೇಳುತ್ತಿದೆ. ನನ್ನ ಖಾಯಂ ಗಿರಾಕಿಗಳು ಇನ್ನು ನಿಮ್ಮ ಹೊಸ್ತಿಲು ತುಳಿಯುವುದಿಲ್ಲವಂತೆ. ನಾನು ಬೇಡ ಅನ್ನಲಿಲ್ಲ.

ಎಂಗಲ್ಬರ್ಟ್ ಪ್ರಿಂಟ್ಸ್


ಎರ್ಲೆನ್‌ಶ್ಲಾಗ್, ಮಾರ್ಚ್ 5

ಶ್ರೀ ಪ್ರಿಂಟ್ಸ್ ಅವರಿಗೆ,

ನಾನು ಕರೆಸಿಲ್ಲ. ನನಗೆ ದೂರುವುದಿದ್ದರೆ ಚೀಟಿ ಹಚ್ಚಿ ನಿಮಗೇ ದೂರುತ್ತೇನೆ, ದೂರಿದ್ದೇನೆ. ಗಡಿಯುದ್ದಕ್ಕೂ ಎಲ್ಲ ಹೋಟೆಲುಗಳನ್ನೂ ಅವರು ನೋಡುತ್ತಿದ್ದಾರೆ ಎಂದು ಆ ಮನುಷ್ಯನೇ ಹೇಳಿದ.

ಅವನು ಒಳಗೆ ಬಂದು ಟೋಪಿ ತೆಗೆದು, "ಎದುರಿನ ಹೋಟೆಲ್‌ನೋರು ನಿಮ್ಮತ್ರ ತಗೋತಾರಾ?" ಎಂದ.

"ಮೊದ್ಲು ತಗೋತಿದ್ರು."

"ಈಗ?"

ಗುದ್ರುನ್ ಅಂಚೆಚೀಟಿ ಜೋಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಆ ಹುಡುಗಿಗೆ ನಾನು ಕಲಿಸಿದ್ದೆಲ್ಲ ಆ ಒಂದು ಉತ್ತರದ ಮೇಲೆ ನಿಂತಿತ್ತು. "ಡಿಸೆಂಬರಿಂದ ತಗೊಂಡಿಲ್ಲ" ಎಂದೆ. ಅಷ್ಟೇ ಹೇಳಿದೆ, ಒಂದಕ್ಷರ ಹೆಚ್ಚಿಲ್ಲ.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಎದುರುಬದಿಯಲ್ಲಿ ನಿಮ್ಮ ದೀಪ ಬೇಗ ಆರಿದ್ದನ್ನು ನೋಡಿದೆ. ನನಗೆ ನೋವಾಗಿದೆ, ಬಹಳ ನೋವಾಗಿದೆ, ಆದರೆ ನಾಚಿಕೆಯಾಗಿಲ್ಲ. ನಿಮ್ಮ ಗಿರಾಕಿಗಳು ಬಾರದಿದ್ದರೆ ಬೇಡ. ಅಂಗಡಿ ಬೆಳಿಗ್ಗೆ ಆರಕ್ಕೆ ಎಂದಿನಂತೆ ತೆರೆದಿರುತ್ತದೆ.

ರೋಸ್ವಿಥಾ ಕೋಲರ್


ಎತ್ತಿನ ಹೋಟೆಲು, ಏಪ್ರಿಲ್ 2

ರೋಸಿ,

ಸಿಟ್ಟಿನಲ್ಲಿ ಬಹುವಚನ ಸುಲಭ, ಬೇರೆ ಹೊತ್ತಿನಲ್ಲಿ ಬರುವುದಿಲ್ಲ.

ಸೋಮವಾರದಿಂದ ಹೊಸ ಬೆಲೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಹೇಳುತ್ತೇನೆ, ನಗಬೇಡ. ಭಾನುವಾರ ಮಧ್ಯಾಹ್ನ ನಾನು ಗಡ್ಡ ಹೆರೆದು, ಹಳೆಯ ಪ್ಯಾಂಟ್ ಹಾಕಿಕೊಂಡು ಕೂತಿದ್ದೆ. ಏಣಿ ಹತ್ತುವ ಪ್ಯಾಂಟ್. ದಂಡ ಕಟ್ಟಿದವನು, ಜಗಳ ಆಡಿದವನು, ಆದರೂ ಬೆಲೆ ಏರುವ ಹಿಂದಿನ ದಿನ ನಿನ್ನ ಕರೆ ಬರಲೇಬೇಕು ಎಂದುಕೊಂಡೆ. ಬಂದರೆ ಮೊದಲು ನಾಲ್ಕು ಮಾತು ಅಂದು, ಆಮೇಲೆ ಹತ್ತಬೇಕು ಎಂದು ಆ ನಾಲ್ಕು ಮಾತನ್ನೂ ಯೋಚಿಸಿಟ್ಟಿದ್ದೆ. ಕತ್ತಲಾಯಿತು. ನೀನು ಕರೆಯಲಿಲ್ಲ.

ಸೋಮವಾರ ಬಡಗಿಯನ್ನು ಕಳಿಸಿದೆ. "ಹೋಗಿ ಮೇಲಿನ ಕಪಾಟಿನದು ಯಾವುದಾದ್ರೂ ಕೇಳು, ಹಳೇ ಬೆಲೆ ಇದ್ರೆ ಬಂದು ಹೇಳು" ಎಂದೆ. ಅವನು ಬಂದು ತಲೆ ಕೆರೆದುಕೊಂಡು, "ಮೇಲಿನ ಕಪಾಟೇ ಇಲ್ವಲ್ಲೋ" ಎಂದ. "ಇಲ್ಲ ಅಂದ್ರೆ?" "ಇಲ್ಲ ಅಂದ್ರೆ ಇಲ್ಲ. ಬೆಲೆ ಎಲ್ಲಾ ಹೊಸದು, ಸರಿಯಾಗಿದೆ. ನಾನೂ ಒಂದು ಪ್ಯಾಕ್ ತಗೊಂಡ್‌ಬಿಟ್ಟೆ, ಬರಿಗೈಲಿ ಬರಕ್ಕಾಗ್ಲಿಲ್ಲ."

ಏನು ಮಾಡಿದೆ ನೀನು? ಏಣಿಗೆ ಯಾರನ್ನು ಹತ್ತಿಸಿದೆ?

ಬರ್ಟಲ್


ಎರ್ಲೆನ್‌ಶ್ಲಾಗ್, ಏಪ್ರಿಲ್ 9

ಎಂಗಲ್ಬರ್ಟ್,

ಯಾರನ್ನೂ ಹತ್ತಿಸಲಿಲ್ಲ.

ನಿಮ್ಮ ಏಣಿಯ ಮಾತು ಬಂದ ದಿನ ಆ ಕಾಗದವನ್ನು ಗುದ್ರುನಳಿಗೆ ಓದಿ ಹೇಳಿದೆ. ಅಳುತ್ತಾಳೇನೋ ಎಂದುಕೊಂಡಿದ್ದೆ. ಅವಳು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿ, "ಅಲ್ಲಾ ರೋಸಿಯತ್ತೆ, ನಾವಿಬ್ರೂ ಸೇರಿದ್ರೂ ಇರೋದು ಒಂದು ನೆಟ್ಟಗಿರೋ ಕಾಲು. ಸಿಗರೇಟ್ ಯಾಕೆ ಚಾವಣಿ ಹತ್ರ ಕೂತಿದೆ? ಯಾರಿಗೋಸ್ಕರ?" ಎಂದಳು. ನನಗಿಂತ ಮೊದಲು ಈ ಅಂಗಡಿ ನಡೆಸಿದವನು ಆರಡಿ ಆಳು. ಅವನು ಇಟ್ಟ ಹಾಗೆಯೇ ನಾನೂ ಇಟ್ಟುಕೊಂಡು ಬಂದಿದ್ದೆ. ಕುಂಟರಿಗೆಂದು ಕೊಟ್ಟ ಅಂಗಡಿಯಲ್ಲಿ ಇಷ್ಟು ವರ್ಷ ಏಣಿ ಇಟ್ಟುಕೊಂಡಿದ್ದೆನಲ್ಲ, ಎಂಥ ಪೆದ್ದಿ ನಾನು!

ಮಾರ್ಚ್ ಪೂರ್ತಿ ನಿಮ್ಮವರು ಯಾರೂ ಬರಲಿಲ್ಲವಾದ್ದರಿಂದ ಬಿಡುವು ಬೇಕಾದಷ್ಟಿತ್ತು. ಗುದ್ರುನ್ ತಿರುಪುಳಿ ಹಿಡಿದಳು, ನಾನು ಗರಗಸ ಹಿಡಿದೆ. ಎಟುಕುವಷ್ಟರ ತಿರುಪು ಬಿಚ್ಚಿದೆವು, ಎಟುಕದ್ದನ್ನು ಕೆಳಗಿನಿಂದ ಕೊಯ್ದು ಬೀಳಿಸಿದೆವು. ಎರಡು ಹಲಗೆ ಸೊಟ್ಟಗೆ ಕೂತಿವೆ, ನನ್ನ ಹೆಬ್ಬೆರಳ ಉಗುರು ಕಪ್ಪಾಗಿದೆ. ಈಗ ಎಲ್ಲ ಪ್ಯಾಕುಗಳೂ ಗಾಲಿಕುರ್ಚಿಯಲ್ಲಿ ಕೂತವರ ಕೈಗೆ ಸಿಗುತ್ತವೆ. ಗೋಡೆಯ ಮೇಲ್ಭಾಗ ಬೋಳಾಗಿದೆ, ಇಷ್ಟು ವರ್ಷ ಕಾಣದಿದ್ದ ಹಸಿರು ಬಣ್ಣ ಅಲ್ಲಿ ಕಾಣುತ್ತಿದೆ. ಆ ಭಾನುವಾರ ಬೆಲೆಚೀಟಿಗಳನ್ನೆಲ್ಲ ಗುದ್ರುನ್ ಒಬ್ಬಳೇ ಬದಲಾಯಿಸಿದಳು. ನಾನು ಕೂತು ಕಾಫಿ ಕುಡಿದೆ. ನನ್ನ ಜೀವನದಲ್ಲಿ ಅಷ್ಟು ರುಚಿಯಾದ ಕಾಫಿ ಕುಡಿದಿಲ್ಲ.

ನೀವು ಗಡ್ಡ ಹೆರೆದು ಕೂತಿದ್ದಿರೆಂದು ಓದಿ ಏನೆನಿಸಿತೆಂದು ಬರೆಯುವುದಿಲ್ಲ.

ನಾಳೆ ಅಂಚೆಯವಳ ಗಂಡ ತನ್ನ ಗಾಡಿಯಲ್ಲಿ ಏಣಿಯನ್ನು ನಿಮ್ಮ ಹಿತ್ತಿಲಿಗೆ ತಂದು ಇಳಿಸುತ್ತಾನೆ. ತಂಬಾಕನ್ನು ಯಾರಿಗೂ ಪುಕ್ಕಟೆ ಕೊಡಬಾರದೆಂದು ಕಾನೂನಿದೆ. ಏಣಿಗೆ ಅಂಥ ಕಾನೂನಿಲ್ಲ. ಇಟ್ಟುಕೊಳ್ಳಿ.

ರೋಸ್ವಿಥಾ


ಎತ್ತಿನ ಹೋಟೆಲು, ಜೂನ್ 20

ರೋಸಿ,

ಏಣಿ ಬಂದ ದಿನ ಹಿತ್ತಿಲಲ್ಲಿ ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ. ಬೈಗುಳಕ್ಕಿಂತ ಜೋರಾಗಿ ಹೊಡೆದೆ ನೀನು. ಮರುದಿನದಿಂದ ನನ್ನ ಹೋಟೆಲಿನಲ್ಲಿ ಬಡಿಸುವ ರೇಸಿ ನಿನ್ನ ಹತ್ತಿರ ಸಿಗರೇಟ್ ಕೊಳ್ಳಲು ಬರುತ್ತಿರುವುದನ್ನು ನೀನು ನೋಡಿದ್ದೀಯ. ಹತ್ತರಲ್ಲೊಂದು ಪಾಲು ಮೇಲೆ ಹಾಕಿಯೇ ಮಾರುತ್ತಿದ್ದೇನೆ. ಒಬ್ಬಿಬ್ಬರು ಎದ್ದು ಹೋದರು, ಉಳಿದವರು ಗೊಣಗುತ್ತಾ ಕೂತಿದ್ದಾರೆ. ಬಡಗಿಯಂತೂ ಸೇದುವುದನ್ನೇ ಬಿಟ್ಟು ದಿನಕ್ಕೆರಡು ತಟ್ಟೆ ಕಡುಬು ತಿನ್ನುತ್ತಾನೆ. ಲೆಕ್ಕಕ್ಕೆ ಸರಿಹೋಯಿತು.

ಇವತ್ತು ವಿಯೆನ್ನಾದ ಅಧಿಕಾರಿ ನಿನ್ನ ಅಂಗಡಿಗೆ ಬರುವ ಮೊದಲು ಊಟಕ್ಕೆ ನನ್ನಲ್ಲಿಗೆ ಬಂದಿದ್ದಳು. ಕೈಯಲ್ಲಿ ಚರ್ಮದ ಚೀಲ, ಕನ್ನಡಕ. ಕಡುಬು ತಿನ್ನುತ್ತಾ, "ಎದುರಿನ ಅಂಗಡಿ ಹೆಂಗೆ ನಡೀತಿದೆ? ಗಡಿ ಹತ್ರ ಎಲ್ಲಾ ಕಡೆ ಕದ್ದು ಮಾರ್ತಾರೆ ಅಂತಾರೆ" ಎಂದಳು.

"ಮಾರ್ತಾರೆ" ಎಂದೆ. "ನಾನೇ ಮಾರಿದ್ದೆ."

ಅವಳ ಚಮಚ ನಿಂತಿತು.

"ನೋಡಿ ಮೇಡಂ, ನಾನು ಅವಳ ಬಾಲ್ಯದ ಗೆಳೆಯ. ಮೂವತ್ತು ಸೆಂಟ್ ಬಿಡು ಅಂತ ಬರೆದು ಕೇಳ್ದೆ, ಬಿಡಲಿಲ್ಲ. ಸುಂಕದೋರು ಬಂದು ಕೇಳ್ದಾಗ ನನ್ನ ಬಚಾವ್ ಮಾಡ್ತಾಳೆ ಅನ್ಕೊಂಡೆ, ಮಾಡಲಿಲ್ಲ. ಊರೋರು ಮುಖ ತಿರುಗಿಸಿದ್ರು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯೋದು ಮಾತ್ರ ಒಂದಿನಾನೂ ತಪ್ಪಿಸಲಿಲ್ಲ. ಆ ಹುಡುಗೀನ ತಯಾರು ಮಾಡಿರೋದು ಇಂಥೋಳು. ನಿಮ್ಮ ತೆರಿಗೆ ಇನ್ಯಾರ ಕೈಲಿ ಇಡ್ತೀರಿ?"

ಅವಳು ಬಾಯಿ ಒರೆಸಿಕೊಂಡು, "ದಂಡ ಕಟ್ಟಿದೋರು ಹೊಗಳೋದು ನಾನು ಇದೇ ಮೊದ್ಲು ಕೇಳ್ತಿರೋದು" ಎಂದಳು. ಊಟದ ಹಣ ಕೊಟ್ಟು ಚಿಲ್ಲರೆ ಬಿಟ್ಟು ಹೊರಟಳು. ನಾನು ಓಡಿಹೋಗಿ ಬಾಗಿಲಲ್ಲಿ ಆ ಚಿಲ್ಲರೆ ವಾಪಸು ಕೊಟ್ಟೆ. ಹೋಟೆಲಿನವನು ಹೀಗೆ ಮಾಡುವುದುಂಟೇ? ರೇಸಿ ನನಗೆ ಬಿಸಿಲು ತಾಗಿದೆ ಅಂದುಕೊಂಡಿದ್ದಾಳೆ.

ಅವಳು ನಿನ್ನಲ್ಲಿ ತುಂಬ ಹೊತ್ತು ಇದ್ದಳು. ಏನಾಯಿತೆಂದು ಕೇಳಲು ಬರಲು ಧೈರ್ಯ ಸಾಲದು. ಈ ಕಾಗದದ ಚೀಟಿ ಮಾತ್ರ ನಿನ್ನ ಅಂಗಡಿಯದೇ. ಮೊನ್ನೆಯೇ ಗುದ್ರುನಳ ಕೈಯಿಂದ ಕೊಂಡಿಟ್ಟಿದ್ದೆ.

ಬರ್ಟಲ್


ಎರ್ಲೆನ್‌ಶ್ಲಾಗ್, ಸೆಪ್ಟೆಂಬರ್ 15

ಬರ್ಟಲ್,

ಮೂರು ತಿಂಗಳು ನಿನಗೆ ಉತ್ತರ ಬರೆಯಲಿಲ್ಲ. ಆದೇಶ ಕೈಗೆ ಬರುವವರೆಗೆ ಯಾರೊಂದಿಗೂ ಮಾತಾಡುವ ಧೈರ್ಯ ನನಗಿರಲಿಲ್ಲ. ಇವತ್ತು ಬಂತು. ಅಕ್ಟೋಬರ್ ಒಂದರಿಂದ ಅಂಗಡಿ ಗುದ್ರುನಳದು.

ಅವತ್ತು ಆ ಅಧಿಕಾರಿ ಒಳಗೆ ಬಂದು ಬೋಳು ಗೋಡೆಯನ್ನೂ ತಗ್ಗಿನ ಕಪಾಟುಗಳನ್ನೂ ನೋಡಿ, "ಇದನ್ನ ಯಾರು ಮಾಡಿಸಿದ್ರು?" ಎಂದಳು. ಗುದ್ರುನ್ ಕುರ್ಚಿಯಲ್ಲೇ ನೆಟ್ಟಗೆ ಕೂತು, "ಮಾಡಿಸಿದ್ದಲ್ಲ, ಮಾಡಿದ್ದು" ಎಂದಳು. ಆ ಹುಡುಗಿಯ ಗತ್ತು ನೀನು ನೋಡಬೇಕಿತ್ತು! ಸೊಟ್ಟ ಹಲಗೆಗಳನ್ನೂ ತೋರಿಸಿದಳು, "ಇವು ರೋಸಿಯತ್ತೆಯವು" ಎಂದು. ಅಧಿಕಾರಿ ಹೊರಡುವಾಗ ಒಂದು ಪ್ಯಾಕ್ ಕೊಂಡಳು. ಅವಳು ಬೇಡವೆಂದು ಬಿಟ್ಟ ಚಿಲ್ಲರೆಯನ್ನು ಗುದ್ರುನ್ ಒಂದು ಸೆಂಟೂ ಬಿಡದೆ ಹಿಂದಿರುಗಿಸಿದಳು. ಅಧಿಕಾರಿ ನಕ್ಕು, "ಈ ಚೌಕದಲ್ಲಿ ಯಾರೂ ಚಿಲ್ಲರೆ ಇಟ್ಕೊಳಲ್ವಾ?" ಎಂದಳು. ಆಗ ಅದರ ಅರ್ಥ ನನಗೆ ತಿಳಿಯಲಿಲ್ಲ. ನಿನ್ನ ಕಾಗದ ಬಂದ ದಿನ ಅದನ್ನು ಕೈಯಲ್ಲಿ ಹಿಡಿದು ಕೂತಾಗ ತಿಳಿಯಿತು.

ಈಗ ಒಂದು ಕೆಲಸ ಉಳಿದಿದೆ. ಬಾಗಿಲ ಮೇಲಿನ ಹೆಸರಿನ ಹಲಗೆ. ಕಪಾಟನ್ನು ಇಳಿಸಿದ ಹಾಗೆ ಅದನ್ನು ಕೆಳಗಿಳಿಸಲು ಆಗುವುದಿಲ್ಲ. ಚೌಕದ ಆ ತುದಿಯಿಂದಲೂ ಅವಳ ಹೆಸರು ಕಾಣಬೇಕು. ನನ್ನ ಹೆಸರು ಇಳಿಯಬೇಕು, ಅವಳದು ಏರಬೇಕು. 28ರಂದು ಭಾನುವಾರ, ಮತ ಹಾಕಲು ಊರೆಲ್ಲ ಚೌಕ ದಾಟುತ್ತದೆ. ಎಲ್ಲರೂ ನೋಡಲಿ.

ಹತ್ತು ಗಂಟೆಗೆ ಏಣಿ ತೆಗೆದುಕೊಂಡು ಬಾ. ಹಳೆಯ ಪ್ಯಾಂಟ್ ಹಾಕಿಕೊಂಡು ಬಾ. ಪ್ಯಾಕ್ ಪುಕ್ಕಟೆ ಕೇಳಬೇಡ.

ನಿನ್ನ ರೋಸಿ


ಎತ್ತಿನ ಹೋಟೆಲು, ಸೆಪ್ಟೆಂಬರ್ 17

ರೋಸಿ,

ಬರುತ್ತೇನೆ. ಏಣಿಯ ಎರಡನೇ ಮೆಟ್ಟಿಲು ಅಲ್ಲಾಡುತ್ತಿತ್ತು, ಬಡಗಿಯಿಂದ ಸರಿಮಾಡಿಸಿದ್ದೇನೆ. ಆದರೂ ವಯಸ್ಸಾಯಿತು, ಅಷ್ಟು ಎತ್ತರ ಹತ್ತಲು ಈಗ ಸ್ವಲ್ಪ ಅಂಜಿಕೆ. ಕೆಳಗೆ ಯಾರಾದರೂ ಹಿಡಿದುಕೊಳ್ಳಲು ಬೇಕು.

ಬರ್ಟಲ್


ಎರ್ಲೆನ್‌ಶ್ಲಾಗ್, ಸೆಪ್ಟೆಂಬರ್ 18

ಬರ್ಟಲ್,

ಇಷ್ಟು ವರ್ಷ ಮೇಲೆ ನಿಂತು ಒಂದು ಸಲವೂ ಕೆಳಗೆ ನೋಡಲಿಲ್ಲವೇ ನೀನು? ಹಿಡಿದುಕೊಂಡಿದ್ದವಳು ನಾನೇ.

ರೋಸಿ